ಬಣ್ಣಪ್ಪನ ಕತ್ತಲ ಫೋಟೋಗಳು

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಬಣ್ಣಪ್ಪ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಾರಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಕಣ್ಣು ಎಷ್ಟು ಪಳಗಿತ್ತೆಂದರೆ, ಆರು ವರ್ಷ ಬಿಸಿಲು ತಿಂದ ಬಿಳಿ ಕಾರಿಗೆ ಹೊಸ ಬಿಳಿ ಹೊಂದಬೇಕಾದರೆ ಎಷ್ಟು ಹನಿ ಹಳದಿ ಬೀಳಬೇಕು ಅನ್ನುವುದನ್ನು ಬರೀ ನೋಡಿಯೇ ಹೇಳುತ್ತಿದ್ದ. ಅವನು ಬಣ್ಣ ಹೊಡೆದ ಬಾಗಿಲು ಯಾವುದು, ಹೊಡೆಯದ ಬಾಗಿಲು ಯಾವುದು ಅಂತ ಕಾರಿನವರಿಗೇ ಗೊತ್ತಾಗುತ್ತಿರಲಿಲ್ಲ.

ಅವನ ಸಂಕಟವೂ ಅದೇ ಆಗಿತ್ತು. ಚೆನ್ನಾಗಿ ಮಾಡಿದರೆ ಮಾಡಿದ್ದು ಕಾಣಿಸುವುದೇ ಇಲ್ಲ. ಮಾರನೇ ದಿನ ಬೆಳಿಗ್ಗೆ ಕಾರಿನವರು ಬಂದು ಕೀಲಿ ತಿರುಗಿಸಿದರೆಂದರೆ ವಾರದ ಬೆವರು ಗೇಟು ದಾಟಿ ಹೋಯಿತು. ಅದಕ್ಕೇ ಅವನು ಕೆಲಸ ಮುಗಿದ ಪ್ರತಿ ಕಾರಿನದೂ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದ. ಹಗಲು ಹೊತ್ತಿನಲ್ಲಿ ಅಂಗಳದ ತುಂಬ ಬಾನೆಟ್ ತೆರೆದ ಗಾಡಿಗಳು. ಬೆಕ್ಕು ನುಸುಳಲೂ ಜಾಗವಿರುತ್ತಿರಲಿಲ್ಲ. ಎಲ್ಲ ಖಾಲಿಯಾಗಿ, ತನ್ನ ಕಾರನ್ನು ಹೊರಗೆ ತಂದು ನಿಲ್ಲಿಸುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಹಾಗಾಗಿ ಅವನ ಫೋನಿನಲ್ಲಿದ್ದ ಮುನ್ನೂರು ಚಿಲ್ಲರೆ ಫೋಟೋಗಳೂ ಕತ್ತಲಲ್ಲಿ ತೆಗೆದವು. ಮುನ್ನೂರು ಚಿಲ್ಲರೆಯೂ ಕೆಟ್ಟವು.

ಹೀಗಿರುವಾಗ ಡ್ರೈವಿಂಗ್ ಟೀಚರಮ್ಮನ ಕಾರು ಗ್ಯಾರೇಜಿಗೆ ಬಂತು. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಹೆಂಗಸು ಅವರು. ಆ ಪುಟ್ಟ ನೀಲಿ ಕಾರಿನ ಮೈಮೇಲೆ ತಗ್ಗಿಲ್ಲದ ಜಾಗವಿರಲಿಲ್ಲ. ಟೀಚರಮ್ಮ ಒಂದೊಂದನ್ನೂ ಮುಟ್ಟಿ ತೋರಿಸಿದರು. "ಇದು ಬ್ಯಾಂಕಿನ ಮ್ಯಾನೇಜರು, ಕಂಬಕ್ಕೆ. ಇದು ಹಲ್ಲಿನ ಡಾಕ್ಟರು, ನಮ್ಮ ಗೇಟಿಗೇ. ಇದು ಮಾತ್ರ ನಂದು, ಯಾರಿಗೂ ಹೇಳಬೇಡ." ಈಗ ಅವರು ದೊಡ್ಡ ಕಾರು ಕೊಂಡಿದ್ದರು. ಈ ಕಾರನ್ನು ಹೊಸದರ ಹಾಗೆ ಮಾಡಿಸಿ ಬೇರೆ ಊರಿನ ತಂಗಿಯ ಮಗಳಿಗೆ ಕೊಡುವವರಿದ್ದರು.

"ಶನಿವಾರ ಬೆಳಿಗ್ಗೆ ಏಳಕ್ಕೆ ಅವಳು ಬಂದು ತಗೊಂಡು ಹೋಗ್ತಾಳೆ. ಅಷ್ಟರೊಳಗೆ ಒಂದು ಒಳ್ಳೆ ಫೋಟೋ ತೆಗೆದುಕೊಡಪ್ಪ. ನಮ್ಮ ಡ್ರೈವಿಂಗ್ ಸ್ಕೂಲಿನ ಗೋಡೆಗೆ ಹಾಕಬೇಕು" ಅಂದರು ಟೀಚರಮ್ಮ.

"ಅದೇನು ದೊಡ್ಡ ವಿಷಯ ಮೇಡಂ, ಆಯ್ತು ಅಂದ್ಕೊಳ್ಳಿ" ಅಂದುಬಿಟ್ಟ ಬಣ್ಣಪ್ಪ. ಮಾತು ಬಾಯಿಂದ ಹೊರಟ ಮೇಲೆ ತನ್ನ ಫೋಟೋಗಳು ನೆನಪಾದವು. 

ಅವತ್ತು ಸೋಮವಾರ. ರಾತ್ರಿ ಊಟವಾದಮೇಲೆ ಫೋನನ್ನು ಹೆಂಡತಿಯ ಮುಂದೆ ಹಿಡಿದ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಯಾವುದನ್ನೂ ಸುಮ್ಮನೆ ಚೆನ್ನಾಗಿದೆ ಅನ್ನುವ ಜಾಯಮಾನವಲ್ಲ.

"ರೀ, ಈ ಬಿಳಿ ಕಾರಿಗೆ ಕಾಮಾಲೆ ಆಗಿದೆಯಲ್ರೀ! ಇದೇನು, ಹೆಡ್‌ಲೈಟು ಮಾತ್ರ ಇದೆ, ಕಾರು ಎಲ್ಲಿ? ಅಯ್ಯೋ, ಇಲ್ನೋಡಿ, ಬಾಗಿಲೊಳಗೆ ಬನಿಯನ್ ಹಾಕ್ಕೊಂಡು ಯಾರೋ ನಿಂತಿದಾರೆ!"

ನಿಂತಿದ್ದವನು ಅವನೇ. ಹೊಳೆಯುವ ಬಾಗಿಲಿನಲ್ಲಿ, ಫೋನು ಹಿಡಿದ ಅವನ ಪ್ರತಿಬಿಂಬ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೂ ನಗು ಬಂತು, ಆದರೆ ಮುಖ ಹುಳ್ಳಗಾಯಿತು.

ಮೂಲೆಯ ಕುರ್ಚಿಯಲ್ಲಿ ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ ಕನ್ನಡಕ ಮೇಲೆ ಸರಿಸಿದರು. "ಅಳಿಯಂದಿರೇ, ಒಂಚೂರು ಕೊಡ್ತೀರಾ, ನೋಡೋಣ?"

ಅತ್ತೆ ಬಣ್ಣಪ್ಪನ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು, ಅವನ ಮದುವೆಯಾಗಿ ಹನ್ನೊಂದು. ಇಷ್ಟೂ ವರ್ಷ ಇಬ್ಬರ ನಡುವೆ ನಡೆದದ್ದು ಬರೀ ಮರ್ಯಾದೆ. ಕಾಫಿ ಆಯ್ತಾ ಅತ್ತೆ, ಆಯ್ತು ಅಳಿಯಂದಿರೇ. ಅವನು ಬಂದರೆ ಅವರು ಟಿವಿಯ ಸದ್ದು ತಗ್ಗಿಸುತ್ತಿದ್ದರು, ಅವರು ಬಂದರೆ ಅವನು ಕಾಲು ಮಡಚಿಕೊಳ್ಳುತ್ತಿದ್ದ. ಹಿಂದೆ ಅವರು ಫೋಟೋ ಸ್ಟುಡಿಯೋದಲ್ಲಿದ್ದರು ಅನ್ನುವುದು ಅವನಿಗೆ ಗೊತ್ತಿತ್ತು. ರಶೀದಿ ಬರೆಯುತ್ತಿದ್ದರೇನೋ ಅಂದುಕೊಂಡಿದ್ದ, ಕೇಳಿರಲಿಲ್ಲ.

ಅತ್ತೆ ಫೋಟೋ ನೋಡಲಿಲ್ಲ. ಫೋನನ್ನು ಮಗುಚಿ, ಹಿಂದಿನ ಕ್ಯಾಮೆರಾದ ಗಾಜನ್ನು ದೀಪಕ್ಕೆ ಹಿಡಿದು ನೋಡಿದರು. ಸೆರಗಿಗೆ ಉಜ್ಜಿದರು. ಹೋಗಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದರು. ತೆಳ್ಳಗೆ ಏನೋ ಸುಲಿದು ಬಂತು.

"ಇದಕ್ಕೂ ಬಣ್ಣ ಹೊಡೆದುಬಿಟ್ಟಿದೀರಲ್ಲ!"

ಸ್ಪ್ರೇ ಮಾಡುವಾಗ ಜೇಬಿನಿಂದ ಇಣುಕುತ್ತಿದ್ದ ಫೋನಿನ ಮೇಲೆ ಎರಡು ವರ್ಷದಿಂದ ಬಣ್ಣದ ಮಂಜು ಕೂತು ಕೂತು ಪೊರೆ ಕಟ್ಟಿತ್ತು. ಹೆಂಡತಿಗೆ ಮತ್ತೆ ನಗು ಉಕ್ಕಿತು, ಈ ಸಲ ಅತ್ತೆಯೂ ಸೇರಿಕೊಂಡರು.

ಆಮೇಲೆ ಅತ್ತೆ ಒಂದೊಂದೇ ಫೋಟೋ ನೋಡುತ್ತಾ ಹೋದರು. ಸ್ಟುಡಿಯೋದಲ್ಲಿ ತಾವು ಹದಿನೆಂಟು ವರ್ಷ ಮಾಡಿದ್ದು ನೆಗೆಟಿವ್ ತಿದ್ದುವ, ಬೇಕಾದಾಗ ದೀಪ ಹೊಂದಿಸುವ ಕೆಲಸ ಅಂತ ಆಗಲೇ ಹೇಳಿದ್ದು. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಲ್ಲಿ ಎಷ್ಟೋ ಮದುಮಕ್ಕಳ ಮೊಡವೆ ಅಳಿಸಿದ್ದರಂತೆ, ಫೋಟೋದ ಹೊತ್ತಿಗೆ ಕಣ್ಣು ಮುಚ್ಚಿಬಿಟ್ಟ ಒಬ್ಬ ತಹಶೀಲ್ದಾರರ ಕಣ್ಣನ್ನು ತೆರೆಸಿದ್ದರಂತೆ.

"ಇದ್ಯಾಕೆ ಹೀಗೆ ಮರಳು ಮರಳಾಗಿದೆ?"

"ಕತ್ತಲಾಗಿತ್ತಲ್ಲ ಅತ್ತೆ, ಆಮೇಲೆ ಫೋನಲ್ಲೇ ಬೆಳಕು ಜಾಸ್ತಿ ಮಾಡಿದೆ."

"ಕತ್ತಲನ್ನ ಯಾಕೆ ಓಡಿಸ್ತೀರಿ? ಅದೂ ಪಾಪ ಫೋಟೋಗೆ ಅಂತ ಬಂದು ನಿಂತಿದೆ. ಅದರ ಪಾಡಿಗೆ ಅದನ್ನ ಬಿಡಿ, ಕಾರಿಗೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಬೆಳಕು ಕೊಡಿ." ಸ್ವಲ್ಪ ತಡೆದು, ಗುಂಡಿಯ ದಾರ ಹಲ್ಲಿನಿಂದ ಕಡಿದು ಕೇಳಿದರು, "ಶುಕ್ರವಾರ ನಾನೂ ಬರ್ಲಾ?"

ಶುಕ್ರವಾರ ಸಂಜೆ ಅತ್ತೆ ಮಗಳ ಕಪ್ಪು ಸ್ವೆಟರ್ ಏರಿಸಿಕೊಂಡು, ಕೈಚೀಲ ಹಿಡಿದು ಗ್ಯಾರೇಜಿಗೆ ಬಂದರು. ಹೊತ್ತು ಮುಳುಗಿತ್ತು, ಆದರೆ ಆಕಾಶದಲ್ಲಿ ಇನ್ನೂ ನೀಲಿ ಇತ್ತು. "ಇನ್ನರ್ಧ ಗಂಟೆ ಇರುತ್ತೆ ಈ ನೀಲಿ, ಬೇಗ" ಅಂತ ಅವಸರ ಮಾಡಿದರು. ಬಣ್ಣಪ್ಪ ಕಾರನ್ನು ಅಂಗಳದ ನಡುವೆ ಓರೆಯಾಗಿ ನಿಲ್ಲಿಸಿದ. ಹೆಡ್‌ಲೈಟು ಆರಿಸಿ ಪಾರ್ಕಿಂಗ್ ದೀಪ ಮಾತ್ರ ಹಾಕಿಸಿದರು ಅತ್ತೆ. ಅವರು ಹೇಳಿದಂತೆ ನಾಲ್ಕು ಬಕೆಟ್ ನೀರು ತಂದು ನೆಲಕ್ಕೆ ಚೆಲ್ಲಿದ. ಒದ್ದೆ ನೆಲದಲ್ಲಿ ಕಾರಿನ ನೀಲಿ ಇಳಿದು ನಿಂತಿತು. ಫೋನು ಅಲ್ಲಾಡದಿರಲು ಏನು ಮಾಡುವುದು ಅಂತ ಅತ್ತೆ ಸುತ್ತ ನೋಡುವಷ್ಟರಲ್ಲಿ, ಅವನು ಖಾಲಿ ಬಣ್ಣದ ಡಬ್ಬ ಬೋರಲು ಹಾಕಿ, ತಗ್ಗು ತುಂಬುವ ಪುಟ್ಟಿಯನ್ನು ಮುದ್ದೆ ಮಾಡಿ, ಅದರಲ್ಲಿ ಫೋನನ್ನು ನೆಟ್ಟಗೆ ಊರಿದ. "ಭೇಷ್" ಅಂದರು ಅತ್ತೆ. ಹನ್ನೊಂದು ವರ್ಷದಲ್ಲಿ ಅವರಿಂದ ಅವನಿಗೆ ಸಿಕ್ಕ ಮೊದಲ ಭೇಷ್ ಅದು.

ಫೋನಿನ ಕ್ಯಾಮೆರಾ ಹತ್ತು ಸೆಕೆಂಡು ಕಣ್ಣು ತೆರೆದಿರುವಂತೆ ಮಾಡಿದ್ದರು. ಆ ಹತ್ತು ಸೆಕೆಂಡಿನಲ್ಲಿ, ಬಿಳಿ ಕಾಗದ ಸುತ್ತಿದ ಟಾರ್ಚು ಹಿಡಿದು ಅತ್ತೆ ಕಾರಿನ ಉದ್ದಕ್ಕೂ ನಡೆಯಬೇಕು. ಬೆಳಕು ಕಾರಿನ ಮೈ ಸವರುತ್ತಾ ಹೋಗಬೇಕು. ಕಪ್ಪು ಬಟ್ಟೆಯಲ್ಲಿ ನಿಲ್ಲದೆ ನಡೆದರೆ ಅವರು ಫೋಟೋದಲ್ಲಿ ಮೂಡುವುದೇ ಇಲ್ಲ. ಬಣ್ಣಪ್ಪನ ಪಾಲಿಗೆ ಬಂದದ್ದು ರಟ್ಟಿನ ಹಾಳೆ. ಬೀದಿದೀಪದ ಹಳದಿ ಮುಂದಿನ ಗಾಜಿಗೆ ಬೀಳದಂತೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಫೋಟೋಗೆ ಬೀಳದ ಹಾಗೆ ಪಕ್ಕದಲ್ಲಿ ನಿಲ್ಲಬೇಕು.

ಮೊದಲನೆಯದರಲ್ಲಿ ಟಾರ್ಚು ಕ್ಯಾಮೆರಾದ ಕಡೆ ತಿರುಗಿ, ಕಾರಿನ ಮೇಲೆ ಬೆಳಕಿನ ಹಾವು ಹರಿದುಹೋಯಿತು. ಎರಡನೆಯದರಲ್ಲಿ ಅತ್ತೆ ನೀರಿನಲ್ಲಿ ಜಾರಿ ಸಾವರಿಸಿಕೊಂಡರು. ಫೋಟೋದಲ್ಲಿ ಕಾರಿನ ಪಕ್ಕ ಅವರ ಎರಡು ಚಪ್ಪಲಿ ಮೂಡಿದ್ದವು. ಮೂರನೆಯದಕ್ಕೆ ಬಣ್ಣಪ್ಪನ ಮೂಗಿಗೆ ಸೊಳ್ಳೆ ಕೂತು, ರಟ್ಟು ಓಲಾಡತೊಡಗಿತು.

"ಏಯ್! ಅಲ್ಲಾಡಬೇಡ್ವೋ!" ಅಂತ ಅತ್ತೆ ಕತ್ತಲೊಳಗಿಂದ ಕೂಗಿದರು. "ನೆಟ್ಟಗೆ ನಿಂತ್ಕೋ! ಇನ್ನು ಮೂರೇ ಸೆಕೆಂಡು!"

ಅವನು ಉಸಿರು ಬಿಗಿಹಿಡಿದು ನಿಂತ. ಸೊಳ್ಳೆ ತನಗೆ ಬೇಕಾದಷ್ಟು ಕುಡಿಯಿತು. ಫೋನು ಟಿಕ್ ಅಂದಿತು.

ಟಾರ್ಚು ಆರಿತು. ಅತ್ತೆ ನಾಲಿಗೆ ಕಚ್ಚಿಕೊಂಡರು. "ತಪ್ಪು ತಿಳ್ಕೋಬೇಡಿ ಅಳಿಯಂದಿರೇ. ಸ್ಟುಡಿಯೋದ ಅಭ್ಯಾಸ, ಬಾಯಿಗೆ ಬಂದುಬಿಡ್ತು."

ಬಣ್ಣಪ್ಪನ ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಯಾರೂ ಅವನನ್ನು ಹಾಗೆ ಗದರಿರಲಿಲ್ಲ. ರಟ್ಟನ್ನು ಕೆಳಗಿಟ್ಟು, ಮೂಗು ಕೆರೆದುಕೊಳ್ಳುತ್ತಾ ಅಂದ, "ಹಂಗೇ ಕರೀರಿ ಅತ್ತೆ. ಚೆನ್ನಾಗಿದೆ."

"ಹಾಗಾದ್ರೆ ಬಾರೋ, ನೋಡೋಣ" ಅಂದರು ಅವರು.

ಇಬ್ಬರೂ ಡಬ್ಬದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಫೋಟೋದಲ್ಲಿ ಹಿಂದೆ ಗಾಢವಾದ ಆಕಾಶ. ಶೆಡ್ಡಿನ ಕಸ, ಟಯರು, ಡಬ್ಬಗಳನ್ನೆಲ್ಲ ಕತ್ತಲು ನುಂಗಿತ್ತು. ನಡುವೆ ಪುಟ್ಟ ನೀಲಿ ಕಾರು. ಬಾನೆಟ್ಟಿನಿಂದ ಹಿಂದಿನ ದೀಪದವರೆಗೆ ಒಂದೇ ಒಂದು ಬೆಳಕಿನ ಗೆರೆ, ಎಲ್ಲೂ ಮುರಿಯದೆ ಓಡಿತ್ತು. ಒಂದು ತಗ್ಗು ಉಳಿದಿದ್ದರೂ ಆ ಗೆರೆ ಡೊಂಕಾಗುತ್ತಿತ್ತು. ಬಣ್ಣಪ್ಪ ಕಣ್ಣು ತುಂಬಿ ಬಂದದ್ದಕ್ಕೆ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಅಂತ ನೆಪ ಹೇಳಿದ.

ಆ ರಾತ್ರಿ ಊಟದ ಮೇಜಿನ ಮೇಲೆ ಅತ್ತೆ ಫೋಟೋವನ್ನು ಕೂದಲೆಳೆಯಷ್ಟು ತಿರುಗಿಸಿ ನೆಲ ನೆಟ್ಟಗೆ ಮಾಡಿದರು, ಮೂಲೆಯ ಬಕೆಟ್ಟನ್ನು ಕತ್ತರಿಸಿ ತೆಗೆದರು, ಹಳದಿಯನ್ನು ಒಂದಿಷ್ಟು ಇಳಿಸಿದರು. "ಸಾಕು. ಇನ್ನು ಮುಟ್ಟಿದ್ರೆ ಕೆಡುತ್ತೆ" ಅಂತ ತಾವೇ ಕೈ ಹಿಂದಕ್ಕೆ ತೆಗೆದುಕೊಂಡರು.

ಬೆಳಿಗ್ಗೆ ಕಾರು ಹೋಯಿತು. ಅದು ತಿರುವು ದಾಟುವವರೆಗೂ ಕೈ ಬೀಸಿದ ಟೀಚರಮ್ಮ, ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಅಂಚಿನಿಂದ ಅಂಚಿಗೆ ನೋಡಿದರು. "ನನ್ನ ತಗ್ಗು ಎಲ್ಲಿತ್ತು ಅಂತ ನನಗೇ ಗೊತ್ತಾಗ್ತಿಲ್ಲ" ಅಂದರು ಕಡೆಗೆ. ಬಣ್ಣಪ್ಪನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ಅಷ್ಟರಲ್ಲಿ ಅವರು ಅವನ ಹಿಂದೆ ನಿಂತಿದ್ದ ಹೆಂಗಸಿನ ಕಡೆ ನೋಡಿದರು. "ಇವರು ನಮ್ಮತ್ತೆ. ಫೋಟೋ ಇವರದೇ" ಅಂದ ಅವನು. ಸುಳ್ಳು ಅಂದರು ಅತ್ತೆ. ಇಬ್ಬರೂ ಅಲ್ಲೇ ವಾದಕ್ಕಿಳಿದರು.

ಫೋಟೋ ಗೋಡೆಗೇರಿದ ವಾರದಲ್ಲೇ ಕಾರು ಕಲಿಯಲು ಬಂದವರೆಲ್ಲ ಅದರ ವಿಷಯ ಕೇಳತೊಡಗಿದರು. ತಮ್ಮ ಗಾಡಿಗೂ ಅಂಥದೇ ಫೋಟೋ ಬೇಕು ಅಂತ ಹಲ್ಲಿನ ಡಾಕ್ಟರು ಬಂದರು, ಆಂಬುಲೆನ್ಸಿನವರು ಬಂದರು. ಈಗ ಮಂಗಳವಾರ, ಶುಕ್ರವಾರ ಸಂಜೆ ಐದಾದರೆ ಅತ್ತೆಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ; ತಮ್ಮದೇ ಕಪ್ಪು ಸ್ವೆಟರ್ ಕೊಂಡಿದ್ದಾರೆ. ಮೊನ್ನೆ ಅಗ್ನಿಶಾಮಕ ಠಾಣೆಯವರು ತಮ್ಮ ದೊಡ್ಡ ಕೆಂಪು ಗಾಡಿ ತಂದು ನಿಲ್ಲಿಸಿದಾಗ, ಅರವತ್ತೇಳರ ಅತ್ತೆ ಟಾರ್ಚು ಹಿಡಿದು ಅದರ ಏಣಿ ಹತ್ತಲು ಹೊರಟರು. ಬಣ್ಣಪ್ಪ ಕೆಳಗಿನಿಂದ "ಇಳೀರಿ ಅತ್ತೆ, ಮಗಳಿಗೆ ಹೇಳ್ತೀನಿ!" ಅಂತ ಅರಚಿದ. ಅವರು ಎರಡನೇ ಮೆಟ್ಟಿಲಿನಿಂದ, "ನೀನು ರಟ್ಟು ನೆಟ್ಟಗೆ ಹಿಡಿಯೋ ಮೊದ್ಲು!" ಅಂದರು. ಠಾಣೆಯ ಮಂದಿಯೆಲ್ಲ ಗೊಳ್ಳೆಂದು ನಕ್ಕರು.