ಷಡ್ಡಕನ ಸ್ಟ್ಯಾಂಡು, ನನ್ನ ಸ್ಟ್ಯಾಂಡು

ನನ್ನ ಹೆಂಡತಿಯ ತವರಿನ ಫೋಟೋಗಳನ್ನೆಲ್ಲ ತೆಗೆದವನು ನಾನು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ ಅವರ ಮನೆ. ಮದುವೆಯಾದ ಹೊಸದರಲ್ಲಿ ಒಂದು ಕ್ಯಾಮೆರಾ ಕೊಂಡಿದ್ದೆ. ಅದನ್ನು ಕೊರಳಿಗೆ ಹಾಕಿಕೊಂಡು ಮಾವನ ಮನೆಗೆ ಹೋದೆ, ಮುಗಿಯಿತು. ಆಮೇಲೆ ಅಲ್ಲಿ ಯಾವ ಮಗುವಿಗೆ ಹೆಸರಿಟ್ಟರೂ, ಯಾರು ಯಾರಿಗೆ ಆರತಿ ಎತ್ತಿದರೂ, ಹೊಸ ಟ್ರ್ಯಾಕ್ಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೂ ನಾನೇ ಬೇಕು. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು, ಮನೆ ತುಮಕೂರಿನಲ್ಲಿ. ಡ್ರಾಯಿಂಗ್ ಮೇಷ್ಟ್ರನ್ನು ಸ್ಕೂಲಿನಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾವನ ಮನೆಯಲ್ಲಿ ಮಾತ್ರ ನಾನು ಬಾಗಿಲಿಗೆ ಬಂದರೆ ಸಾಕು, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಮಾವ ತಲೆ ಬಾಚಿಕೊಳ್ಳುತ್ತಿದ್ದರು.

ಆ ಫೋಟೋಗಳಲ್ಲಿ ಮಾವ ಇದ್ದಾರೆ, ಅತ್ತೆ ಇದ್ದಾರೆ, ನನ್ನ ಹೆಂಡತಿ, ನಾದಿನಿ, ಅಡುಗೆಗೆ ಬಂದ ಭಟ್ಟರು, ಪಕ್ಕದ ತೋಟದವರ ನಾಯಿ ಕೂಡ ಇದೆ. ನಾನಿಲ್ಲ. ಒಂದೆರಡರಲ್ಲಿ ಅಂಗಳದ ಮೇಲೆ ನನ್ನ ನೆರಳು ಬಿದ್ದಿದೆ, ಅಷ್ಟೆ. ನನಗೆ ಇದು ದೊಡ್ಡದಾಗಿ ಕಾಣಿಸಿರಲೂ ಇಲ್ಲ. ಕಾಣಿಸಿದ್ದು ನಾದಿನಿಯ ಮದುವೆಯಾದ ಮೇಲೆ.

ನಾದಿನಿಯ ಗಂಡ, ಅಂದರೆ ನನ್ನ ಷಡ್ಡಕ, ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಎಂಜಿನಿಯರು. ನನಗಿಂತ ಬಹಳ ಚಿಕ್ಕವನು. ಎದುರಿಗೆ ಬಹುವಚನ ಕೊಡುತ್ತೇನೆ, ಮನಸ್ಸಿನೊಳಗೆ ಏಕವಚನ. ಎತ್ತರಕ್ಕಿದ್ದಾನೆ, ತಲೆ ತುಂಬ ಕೂದಲಿದೆ, ಕಾರು ಇದೆ. ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಮದುವೆಯಾದ ಮೊದಲ ದೀಪಾವಳಿಗೆ ಕಾರಿನ ಡಿಕ್ಕಿಯಿಂದ ಒಂದು ಉದ್ದನೆಯ ಚೀಲ ಇಳಿಸಿದ. ಜಿಪ್ಪು ಎಳೆದ. ಕಪ್ಪು ಬಣ್ಣದ, ಮಿರಿಮಿರಿ ಮಿಂಚುವ ಟ್ರೈಪಾಡು. ಮೂರು ಕಾಲನ್ನೂ ಒಂದೇ ಏಟಿಗೆ ಬಿಡಿಸಿ ಅಂಗಳದಲ್ಲಿ ನಿಲ್ಲಿಸಿದ. ಮೇಲೆ ಕ್ಯಾಮೆರಾ ಕೂರಿಸಿ, ಜೇಬಿನಿಂದ ಬೆರಳುದ್ದದ ರಿಮೋಟು ತೆಗೆದು, ನಿಧಾನವಾಗಿ ನಡೆದುಕೊಂಡು ಹೋಗಿ ಮಾವನ ಪಕ್ಕದಲ್ಲಿ ನಿಂತುಕೊಂಡ. ಬರೀ ನಿಂತುಕೊಂಡರೆ ಏನೋ ಅನ್ನಬಹುದು, ಮಾವನ ಭುಜದ ಮೇಲೆ ಕೈ ಇಟ್ಟ. ಅಷ್ಟು ವರ್ಷದಲ್ಲಿ ನಾನು ಆ ಭುಜದ ಹತ್ತಿರ ಹೋದವನಲ್ಲ.

"ಅಣ್ಣ, ನೀವೂ ಬನ್ನಿ, ಜಾಗ ಐತೆ" ಅಂದ.

"ಬೇಡ ಬುಡಿ, ನಾನೂ ಒಂದ್ ತಗೀತೀನಿ" ಅಂತ ನನ್ನ ಕ್ಯಾಮೆರಾ ಎತ್ತಿಕೊಂಡೆ. ಹೋಗಿ ನಿಲ್ಲಬಹುದಿತ್ತು. ಹೋಗಲಿಲ್ಲ. ಅವನು ಕರೆದ ಅನ್ನುವ ಒಂದೇ ಕಾರಣಕ್ಕೆ ಹೋಗಲಿಲ್ಲ. ಆ ಸಂಜೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಅವನು ತೆಗೆದ ಫೋಟೋ ಬಂತು, ಎಲ್ಲರೂ ಹಾರ್ಟು ಒತ್ತಿದರು. ಅತ್ತೆ ಹೆಬ್ಬೆರಳು ಕಳಿಸಿದರು. ಅತ್ತೆಗೆ ಹೆಬ್ಬೆರಳು ಕಳಿಸಲು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಯುಗಾದಿ ಹೊತ್ತಿಗೆ ಮಾವ ಹಳೇ ಮನೆಯ ಮುಂದುಗಡೆ ಹೊಸ ಹಾಲ್ ಕಟ್ಟಿಸಿ ಮುಗಿಸುವುದರಲ್ಲಿದ್ದರು. ಒಬ್ಬಟ್ಟಿನ ಊಟ ಮುಗಿದ ಮೇಲೆ ಎಲ್ಲರನ್ನೂ ಕರೆದು ಬಾಗಿಲಿಗೆ ಎದುರಾದ ಗೋಡೆ ತೋರಿಸಿದರು. "ಇಲ್ಲಿ ದೊಡ್ದಾಗಿ ಒಂದ್ ಫೋಟೋ ಹಾಕಿಸ್ತೀನಿ ಕಣ್ರಪ್ಪ. ಗೃಹಪ್ರವೇಶದ ದಿನ ತೆಗೆದಿದ್ದು. ಬಂದೋರು ಒಳೀಕ್ ಬಂದೇಟ್ಗೆ ನಮ್ ಮನೆಯೋರೆಲ್ಲ ಕಾಣ್ಬೇಕು" ಅಂದರು.

ನಾನು ಆ ಬರಿ ಗೋಡೆಯನ್ನೇ ನೋಡುತ್ತ ನಿಂತೆ. ಆ ಫೋಟೋ ಇನ್ನು ಎಷ್ಟು ಕಾಲ ಅಲ್ಲಿರುತ್ತದೋ. ಅದರಲ್ಲಿ ನಾನಿರದಿದ್ದರೆ ಬಂದವರಿಗೆ ಈ ಮನೆಗೆ ಒಬ್ಬನೇ ಅಳಿಯ. ಅದು ನನ್ನ ಕ್ಯಾಮೆರಾದಲ್ಲೇ ಬರಬೇಕು, ನನ್ನದೇ ಸ್ಟ್ಯಾಂಡಿನ ಮೇಲೆ ಬರಬೇಕು, ಅದರೊಳಗೆ ನಾನೂ ಇರಬೇಕು. ಅಲ್ಲೇ ತೀರ್ಮಾನ ಮಾಡಿದೆ.

ಮೊದಲು ಆನ್‌ಲೈನಿನಲ್ಲಿ ಒಂದು ಅಗ್ಗದ ಸ್ಟ್ಯಾಂಡು ತರಿಸಿದೆ. ಚಿತ್ರದಲ್ಲಿ ಭಾರಿಯಾಗಿತ್ತು, ಕೈಗೆ ಬಂದಾಗ ಛತ್ರಿಯಷ್ಟಿತ್ತು. ಒಂದು ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ತಾಲೀಮು ಆಗಲಿ ಅಂತ ಅಂಗಳದಲ್ಲಿ ಹೂಡಿದೆ. ಹತ್ತು ಸೆಕೆಂಡಿನ ಟೈಮರ್ ಒತ್ತಿ ಓಡಿಹೋಗಿ ನಿಂತೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ನನ್ನ ಕ್ಯಾಮೆರಾ ನಿದ್ದೆ ಬಂದವರ ಹಾಗೆ ನಿಧಾನವಾಗಿ ತಲೆ ಬಗ್ಗಿಸಿತು. ಕ್ಲಿಕ್ ಅಂದಾಗ ಪೂರ್ತಿ ನೆಲ ನೋಡುತ್ತಿತ್ತು. ಫೋಟೋದಲ್ಲಿ ಬಂದಿದ್ದು ಸಾಲಾಗಿ ಕಾಲುಗಳು. ಮಾವನ ಹವಾಯಿ ಚಪ್ಪಲಿ, ಹೆಂಡತಿಯ ಕಾಲುಂಗುರ, ಷಡ್ಡಕನ ಬಿಳೀ ಶೂಸು.

"ಅಣ್ಣ, ಇದು ಮೊಬೈಲ್‌ಗೆ ಮಾಡಿರೋದು ಕಣಣ್ಣ. ನಿಮ್ ಲೆನ್ಸ್ ತೂಕಕ್ಕೆ ತಡೆಯಲ್ಲ. ನಂದೇ ತಗಂಡೋಗಿ, ನಿಮ್ತಾವೇ ಇರ್ಲಿ" ಅಂದ ಷಡ್ಡಕ. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಅಂದ. ಅದೇ ನನಗೆ ಮೈ ಉರಿಸಿದ್ದು. ಅವನು ಒಂಚೂರು ಕೊಂಕು ಆಡಿದ್ದರೆ, ಜಂಬ ಕೊಚ್ಚಿಕೊಂಡಿದ್ದರೆ, ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆ ಇರುತ್ತಿತ್ತು.

ತುಮಕೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, "ಅವ್ರೇ ಕೊಡ್ತೀನಿ ಅಂದ್ರಲ್ಲ, ಇಸ್ಕೊಳ್ಳಿ. ದುಡ್ಡು ಉಳೀತದೆ" ಅಂದಳು.

"ಅದನ್ನ ಕೈಲೂ ಮುಟ್ಟಲ್ಲ."

"ನಿಮ್ಗೆ ಫೋಟೋದಲ್ಲಿ ಬರ್ಬೇಕಾ, ಇಲ್ಲ ಅವ್ರಿಗಿಂತ ದೊಡ್ಡ ಸ್ಟ್ಯಾಂಡ್ ತರ್ಬೇಕಾ, ಅದನ್ನಾರ ಹೇಳ್ರೀ."

"ಎರಡೂ" ಅಂದೆ. ಅವಳು ಕಿಟಕಿ ಕಡೆ ಮುಖ ತಿರುಗಿಸಿ ನಕ್ಕಳು. ಕುಣಿಗಲ್ ದಾಟಿದ ಮೇಲೆ, ಎಂಟು ಸಾವಿರ ಕೊಡುತ್ತೇನೆ, ಅದರ ಮೇಲೆ ಕೇಳಬೇಡಿ ಅಂದಳು.

ತುಮಕೂರಿನ ಎಂ.ಜಿ. ರಸ್ತೆಯ ಕ್ಯಾಮೆರಾ ಅಂಗಡಿಗೆ ಹೋದೆ. ಗಾಜಿನ ಹಿಂದೆ ಷಡ್ಡಕನದೇ ಮಾಡೆಲ್ಲು ನಿಂತಿತ್ತು. ಎತ್ತಿ ನೋಡಿದೆ. ಕಾರ್ಬನ್ ಫೈಬರ್ ಅಂತೆ, ಎರಡು ಬೆರಳಿನಲ್ಲಿ ಎದ್ದು ಬಂತು. ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟೆ. ನನ್ನ ಒಂದು ತಿಂಗಳ ಸಂಬಳದ ದೊಡ್ಡ ತುಂಡನ್ನು ಅವನು ಅಂಗಳದಲ್ಲಿ ನಿಲ್ಲಿಸಿ ಆಟ ಆಡಿದ್ದ. ಅಂಗಡಿಯವನು ನನ್ನ ಮುಖ ನೋಡಿ ಬಜೆಟ್ ಎಷ್ಟು ಸಾರ್ ಅಂದ. ಹೇಳಿದೆ. ಅಲ್ಯೂಮಿನಿಯಂ ಸ್ಟ್ಯಾಂಡುಗಳ ಕಡೆ ಕರೆದುಕೊಂಡು ಹೋದ.

ಆ ಮಧ್ಯಾಹ್ನ ಅಲ್ಲಿದ್ದ ಒಂದೊಂದು ಸ್ಟ್ಯಾಂಡನ್ನೂ ಬಿಡಿಸಿ ನಿಲ್ಲಿಸಿ ಮೇಲಿನಿಂದ ಅಂಗೈಯಲ್ಲಿ ಒತ್ತಿದೆ, ತಲೆ ಹಿಡಿದು ತಿರುಚಿದೆ. ಕಾಲುಗಳಲ್ಲಿ ಮಡಿಕೆ ಹೆಚ್ಚಾದಷ್ಟೂ ಕೊನೆಯ ತುಂಡು ಸಣಕಲಾಗಿ, ಒತ್ತಿದರೆ ಬಳುಕುತ್ತಿತ್ತು. ನಡುವಿನ ಕಂಬ ಮೇಲಕ್ಕೆ ಎಳೆದರೆ ಎತ್ತರವೇನೋ ಬರುತ್ತದೆ, ಆದರೆ ಗಾಳಿಗೆ ಅಲ್ಲಾಡುತ್ತದೆ. ಕಂಬ ಎಳೆಯದೇನೇ ನನ್ನ ಗಲ್ಲದ ಮಟ್ಟಕ್ಕೆ ಬರಬೇಕು ಅಂತ ಹಟ ಹಿಡಿದೆ. ಇನ್ನು ಕ್ಯಾಮೆರಾ ಕೂರುವ ಹೆಡ್ಡು. ಗೋಲಿಯ ಹಾಗೆ ಎತ್ತ ಬೇಕಾದರೂ ತಿರುಗುವ ಬಾಲ್ ಹೆಡ್ ನೋಡಲು ಚೆಂದ. ಆದರೆ ಅಗ್ಗದ್ದು ಎಷ್ಟು ಬಿಗಿದರೂ ಕ್ಯಾಮೆರಾ ಕೂದಲೆಳೆಯಷ್ಟು ಜಾರಿ ಆಮೇಲೆ ನಿಲ್ಲುತ್ತಿತ್ತು. ಆ ಭಾನುವಾರ ಫೋಟೋದಲ್ಲಿ ಬಂದಿದ್ದ ಕಾಲುಗಳ ಸಾಲು ನನಗೆ ಮರೆತಿರಲಿಲ್ಲ. ಮೂರು ಹಿಡಿ ಇರುವುದನ್ನು ಆರಿಸಿದೆ. ಒಂದು ಹಿಡಿ ಮೇಲೆ ಕೆಳಗೆ, ಒಂದು ಎಡ ಬಲ, ಇನ್ನೊಂದು ವಾಲಿಸಲು. ಚುರುಕಲ್ಲ, ಆದರೆ ಬಿಗಿದರೆ ಬಿಗಿದ ಹಾಗೇ.

"ಈ ಹೆಡ್ಡೂ ಬೇಕು, ಗಟ್ಟಿ ಕಾಲೂ ಬೇಕು ಅಂದ್ರೆ ನಿಮ್ ಬಜೆಟ್‌ಗೆ ಹೊಸದು ಬರಲ್ಲ ಸಾರ್" ಅಂದ ಅಂಗಡಿಯವನು. "ಹೆಡ್ ಹೊಸದು ತಗಳಿ, ಕಾಲು ಹಳೇದು ನೋಡಿ. ಕುಣಿಗಲ್‌ನಲ್ಲಿ ಒಬ್ರು ಸ್ಟುಡಿಯೋದೋರು ಹಳೇ ವಿಡಿಯೋ ಸ್ಟ್ಯಾಂಡ್ ಮಾರ್ತಾವ್ರೆ." ಅರ್ಧ ವ್ಯಾಪಾರ ಕಳೆದುಕೊಂಡು ಯಾಕೆ ಹೇಳಿದನೋ, ಬಹುಶಃ ನಾನು ಮಡಚದೇ ಬಿಟ್ಟಿದ್ದ ಸ್ಟ್ಯಾಂಡುಗಳ ಕಾಡು ನೋಡಿ ಸಾಕಾಗಿರಬೇಕು. ಹೆಡ್ಡು ಮಾತ್ರ ಅಲ್ಲೇ ಕೊಂಡೆ.

ಕುಣಿಗಲ್‌ನ ಸ್ಟುಡಿಯೋದವರು ಶಟರ್ ಹಿಂದಿನಿಂದ ಅದನ್ನು ಎಳೆದು ತಂದರು. ಎತ್ತಿ ತರಲಿಲ್ಲ, ಎಳೆದು ತಂದರು. ಬಣ್ಣ ಹೋಗಿತ್ತು, ಒಂದು ಕಾಲಿಗೆ ಮದುವೆ ಚಪ್ಪರದ ಅರಿಸಿನವೋ ಏನೋ ಅಂಟಿತ್ತು. ಆದರೆ ಹೆಬ್ಬೆರಳು ದಪ್ಪದ ಕೊಳವೆಗಳು, ಎರಡೇ ಮಡಿಕೆ, ನೆಲ ಕಚ್ಚುವ ರಬ್ಬರ್ ಪಾದ. ಒತ್ತಿದೆ, ಅಲ್ಲಾಡಲಿಲ್ಲ. ತಿರುಚಿದೆ, ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅದರ ಮೇಲೆ ಪೂರ್ತಿ ಭಾರ ಬಿಟ್ಟು ಒರಗಿ ನಿಂತೆ, ಆರಾಮಾಗಿತ್ತು. ಕೇಳಿದ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಸಿ ಹೆಗಲಿಗೆ ಹಾಕಿಕೊಂಡೆ. ಬಸ್ ಸ್ಟ್ಯಾಂಡು ತಲುಪುವಷ್ಟರಲ್ಲಿ ಹೆಗಲು ಬಿದ್ದುಹೋಯಿತು. ಆದರೂ ಮನಸ್ಸಿಗೆ ಎಷ್ಟೋ ದಿನದ ಮೇಲೆ ಹಗುರ ಅನ್ನಿಸಿತು. ಅವನದು ಬೆರಳಲ್ಲಿ ಏಳುತ್ತದೆ, ನನ್ನದನ್ನು ಎತ್ತಲು ಎರಡು ಕೈ ಬೇಕು ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ.

ಗೃಹಪ್ರವೇಶದ ದಿನ ಪೂಜೆ ಮುಗಿದು ಊಟಕ್ಕೆ ಮುಂಚೆ ಎಲ್ಲರನ್ನೂ ಹೊಸ ಹಾಲ್ ಮುಂದೆ ನಿಲ್ಲಿಸಿದೆ. ಮಾವ, ಅತ್ತೆ ಕುರ್ಚಿಯಲ್ಲಿ. ಹಿಂದೆ ಹೆಣ್ಣುಮಕ್ಕಳು, ಷಡ್ಡಕ, ಮಾವನ ತಮ್ಮಂದಿರು. ನನ್ನ ಜಾಗ ಮಾವನ ಬಲಗಡೆ ಅಂತ ಮೊದಲೇ ಖಾಲಿ ಬಿಡಿಸಿದ್ದೆ. ನನ್ನ ಸ್ಟ್ಯಾಂಡು ಬೇರು ಬಿಟ್ಟ ಮರದ ಹಾಗೆ ನಿಂತಿತ್ತು. ಚೌಕಟ್ಟು ಸರಿಮಾಡಿ, ಮೂರು ಹಿಡಿಯನ್ನೂ ಬಿಗಿದು, ಟೈಮರ್ ಒತ್ತಿ ಓಡಿದೆ.

ನಾನು ಎಲ್ಲವನ್ನೂ ಯೋಚಿಸಿದ್ದೆ, ಉಟ್ಟಿದ್ದ ಪಂಚೆಯನ್ನು ಯೋಚಿಸಿರಲಿಲ್ಲ. ರೇಷ್ಮೆ ಪಂಚೆ, ಮಾವನೇ ಕೊಡಿಸಿದ್ದು. ಓಡಲು ಬಿಡುವುದಿಲ್ಲ, ಓಡಿದರೆ ನಿಲ್ಲುವುದಿಲ್ಲ. ಮೊದಲನೆಯದರಲ್ಲಿ ನನ್ನ ಬೆನ್ನು ಬಂತು. ಎರಡನೆಯದರಲ್ಲಿ ಬಗ್ಗಿಕೊಂಡು ಪಂಚೆ ಕಟ್ಟಿಕೊಳ್ಳುತ್ತಿದ್ದೇನೆ. ಇನ್ನೊಂದರಲ್ಲಿ ಅತ್ತೆಯ ಮುಖಕ್ಕೆ ಅಡ್ಡಲಾಗಿ ನನ್ನ ಮೊಣಕೈ. ಷಡ್ಡಕನ ರಿಮೋಟು ನನ್ನ ಕ್ಯಾಮೆರಾಕ್ಕೆ ಆಗುವುದಿಲ್ಲ, ಆಗಿದ್ದರೂ ಕೇಳುತ್ತಿರಲಿಲ್ಲ. ಬಿಸಿಲು ಏರುತ್ತಿತ್ತು. ಮಾವನ ತಮ್ಮಂದಿರಲ್ಲಿ ಒಬ್ಬರು ಎಲೆ ಹಾಕಿದಾರಾ ಅಂತ ಹಿಂದಕ್ಕೆ ತಿರುಗಿ ನೋಡತೊಡಗಿದರು.

ಅತ್ತೆ ಚಿಕ್ಕ ಅಳಿಯನ ಕಡೆ ತಿರುಗಿದರು. "ನೀವಾರ ಹೋಗಿ ಒಂಚೂರು ಒತ್ಬುಡಿ ಅಳಿಯಂದ್ರೆ. ಪಾಪ, ದೊಡ್ಡಳಿಯಂದ್ರು ಇದೊಂದ್ರಲ್ಲಾದ್ರೂ ನೆಟ್ಟಗ್ ಬರ್ಲಿ. ಅವ್ರು ಯಾವ್ದ್ರಲ್ಲೂ ಇಲ್ಲ."

ಅವನು ಹೋಗಿ ನನ್ನ ಸ್ಟ್ಯಾಂಡಿನ ಹಿಂದೆ ನಿಂತ. ನಾನು ಯಾವ ಫೋಟೋದಲ್ಲೂ ಇಲ್ಲದ್ದನ್ನು ಅತ್ತೆ ಗಮನಿಸಿದ್ದರು. ಮಾವನ ಬಲಗಡೆ ನೆಟ್ಟಗೆ ನಿಂತೆ. ಈಗ ಅವನು ಹೊರಗೆ, ನಾನು ಒಳಗೆ. ಖುಷಿಯಾಗಿದ್ದನ್ನು ಮುಚ್ಚಿಡುವುದಿಲ್ಲ. ಅವನು ಕ್ಯಾಮೆರಾ ಸ್ವಲ್ಪ ತಿರುಗಿಸಲು ಹಿಡಿ ಎಳೆದ, ಬರಲಿಲ್ಲ. ಎರಡು ಕೈ ಹಾಕಿ ಸ್ಟ್ಯಾಂಡನ್ನೇ ಜರುಗಿಸಲು ನೋಡಿದ, ಅದು ಅಲ್ಲಾಡಲಿಲ್ಲ.

"ಅಣ್ಣೋ, ಇದೇನು ಸ್ಟ್ಯಾಂಡಾ ಇಲ್ಲ ಎಮ್ಮೆ ಕಟ್ಟಾಕೋ ಗೂಟಾನಾ?" ಅಂದ.

ಎಲ್ಲರೂ ನಕ್ಕರು. ಆಗ ಒತ್ತಿದ.

ತುಮಕೂರಿಗೆ ಬಂದು ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಒಂದು ಚೂರೂ ಅಲುಗಿಲ್ಲ, ಅತ್ತೆಯ ಸೀರೆಯ ಜರಿಯ ಎಳೆ ಎಣಿಸಬಹುದು. ಮಾವ ಹಲ್ಲು ಬಿಟ್ಟು ನಕ್ಕಿದ್ದಾರೆ. ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಕಣ್ಣಿನಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾಳೆ. ಹಾಗೆ ನಗುವ ಅವಳನ್ನು ಎಲ್ಲಿ ನೋಡಿದ್ದೆ ಅಂತ ಹಳೆಯ ಫೋಟೋಗಳನ್ನು ಒಂದೊಂದೇ ತೆರೆದೆ. ನಾಮಕರಣದ್ದರಲ್ಲಿ, ಟ್ರ್ಯಾಕ್ಟರಿನದರಲ್ಲಿ, ಎಲ್ಲದರಲ್ಲೂ ಅವಳು ಅದೇ ಥರ ನಗುತ್ತ ನೆಟ್ಟಗೆ ನನ್ನನ್ನು ನೋಡುತ್ತಿದ್ದಳು. ಅತ್ತೆ, ಮಾವ, ಎಲ್ಲರೂ ನನ್ನನ್ನೇ. ನಾನಿಲ್ಲದ ಫೋಟೋಗಳು ಅಂತ ಅವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಹೆಂಡತಿ ಹಿಂದೆ ಬಂದು ನಿಂತಳು. "ಎಷ್ಟ್ ಚೆನ್ನಾಗ್ ಬಂದಿದೀವಲ್ರೀ ಎಲ್ರೂ. ಇದನ್ನೇ ಹಾಕ್ಸೋಣ ಅಂತ ಅಪ್ಪಾಜಿ ಫೋನ್ ಮಾಡಿದ್ರು. ನಿಮ್ಮಾಸೆ ಪೂರೈಸ್ತಲ್ಲ, ಇನ್ನೇನ್ ಹಂಗ್ ನೋಡ್ತಿದೀರಾ?"

ನನಗೆ ದೀಪಾವಳಿಯಲ್ಲಿ ಉರಿದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುತ್ತಿತ್ತು, ಅದನ್ನು ಅವಳಿಗೆ ಹೇಗೆ ಹೇಳುವುದು? ನನ್ನ ಕ್ಯಾಮೆರಾ, ನನ್ನ ಸ್ಟ್ಯಾಂಡು, ಆದರೆ ಆ ಮನೆಯ ಅಷ್ಟೂ ಜನ ಕಣ್ಣು ತುಂಬ ನೋಡುತ್ತಿದ್ದದ್ದು ಕ್ಯಾಮೆರಾ ಹಿಂದಿದ್ದ ಷಡ್ಡಕನನ್ನು. ಮಾವನ ಬಲಗಡೆ ನಿಂತಿದ್ದ ನನ್ನದೇ ಮುಖವನ್ನು ಇನ್ನಷ್ಟು ದೊಡ್ಡದು ಮಾಡಿ ನೋಡಿದೆ. ಅವನನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.