ಮಾಲತಿಬಾಯಿಯ ಆರು ಬಾಟಲಿ

ಬಾಟಲಿಯಲ್ಲಿಟ್ಟ ಗುಲಾಬಿ ಹೂವಿನ ಕುತ್ತಿಗೆ ಬಾಗಿದರೆ ಮಾಲತಿಬಾಯಿ ಮೊದಲು ಗಡಿಯಾರ ನೋಡುತ್ತಿದ್ದರು. ಬಾಯಲ್ಲಿ ಬ್ರಶ್ ಇದ್ದರೂ ಸರಿ, ಓಡಿಹೋಗಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ತೊಂಬತ್ತರ ದಶಕದ ಕೊನೆಗೆ, ಮರಾಠಿ ಸೀಮೆಯ ತಳೇಗಾಂವದಲ್ಲಿ ನಮ್ಮ ಎದುರುಮನೆಗೆ ಬಂದವರು ಅವರು. ಧಾರವಾಡದ ಕಡೆಯವರು, ಒಂಟಿ. ಗುಲಾಬಿ ಬೆಳೆದು ಪರದೇಶಕ್ಕೆ ಕಳಿಸುವ ಕಂಪನಿಯಲ್ಲಿ ಹಂಗಾಮಿ ಕೆಲಸ. ಮನೆಯವರನ್ನು ಬಿಟ್ಟರೆ ಇಡೀ ಕಟ್ಟಡದಲ್ಲಿ ನನಗೆ ಕನ್ನಡ ಆಡಲು ಅವರೊಬ್ಬರೇ. ದೇವರು ಅಷ್ಟಾದರೂ ಕೊಟ್ಟನಲ್ಲ ಎಂದುಕೊಂಡಿದ್ದೆ. ನನ್ನನ್ನು ಸ್ವಂತ ಅತ್ತಿಗೆಯಂತೆ 'ವೈನಿ' ಎನ್ನುತ್ತಿದ್ದರು.

ಕೊಯ್ದ ಹೂವು ಗಿರಾಕಿಯ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆಂದು ತಿಳಿಯಲು ತಮ್ಮ ಹಾಲ್‌ನಲ್ಲೇ ಆರು ಬಾಟಲಿ ಜೋಡಿಸಿದ್ದರು. ಮೂರರಲ್ಲಿ ಬರೀ ನೀರು, ಮೂರರಲ್ಲಿ ಔಷಧ.

"ಹೂವಿಗೂ ಟಾನಿಕ್ ಏನ್ರಿ?" ಎಂದೆ.

"ಟಾನಿಕ್ ಅಲ್ರಿ ವೈನಿ, ಹಾರ್ಮೋನು. ಬೇರಿನಾಗ ಹುಟ್ಟಿ ಮ್ಯಾಲ ಏರತದ, ಎಲಿಗೆ, ಹೂವಿಗೆ 'ಇಷ್ಟು ಲಗೂ ಮುಪ್ಪಾಗಬ್ಯಾಡ' ಅಂತದ. ಕೊಯ್ದ ಹೂವಿಗೆ ಬೇರು ಎಲ್ಲಿಂದ ತರೂದು? ಅದಕ್ಕ ನಾವು ಹಾಕತೇವಿ."

"ದೇವರಿಗೆ ಏರಿಸಿದ್ರ ಒಂದ ದಿನಕ್ಕ ಸಾರ್ಥಕ ಆಗತಿತ್ತು."

"ನಿಮ್ಮ ದೇವರಿಗೆ ದಿನಾ ಹೊಸಾ ಹೂವು ಬೇಕು. ನಮ್ಮ ಸಾಹೇಬರಿಗೆ ಹಳೇದ ಬೇಕು!"

ಆ ಆರು ಬಾಟಲಿಯ ವರದಿ ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲದಿದ್ದರೆ ತಿಂಗಳ ಕೊನೆಗೆ ಮುಗಿಯಿತು. "ಜೇಜುರಿಗೆ ಹೋಗಿ ಖಂಡೋಬಾಗ ಬೇಡಿಕೊಂಡು ಬರ್ರಿ, ಬಾಟಲಿ ನಾ ನೋಡಕೋತೀನಿ," ಎಂದು ಶನಿವಾರ ನಾನೇ ಅಟ್ಟಿದೆ. "ಫ್ಯಾನ್ ಹಾಕಬ್ಯಾಡ್ರಿ, ಕಿಡಕಿ ತಗೀಬ್ಯಾಡ್ರಿ," ಎಂದಷ್ಟೇ ಹೇಳಿ ಕೀಲಿ ಕೊಟ್ಟರು.

ಮರುದಿನ ಬೆಳಿಗ್ಗೆ ನಮ್ಮ ದೇವರ ನಿರ್ಮಾಲ್ಯ ತೆಗೆದ ಕೈಯಲ್ಲೇ ಅಲ್ಲಿಗೂ ಹೋದೆ. ನೀರಿನ ಬಾಟಲಿಗಳಲ್ಲಿ ಹೂವು ತಲೆ ಚೆಲ್ಲಿದ್ದವು. ಬಾಡಿದ ಹೂವು ಮನೆಯಲ್ಲಿ ಇರಬಾರದು. ಅದರಲ್ಲೂ ಒಬ್ಬರೇ ಇರುವ ಹೆಂಗಸಿನ ಮನೆ. ಎಲ್ಲ ಆರಿಸಿ, ಉದುರಿದ ಪಕಳೆ ಬಳಿದು, ಇಂದ್ರಾಯಣಿ ಹೊಳೆಗೆ ಬಿಟ್ಟು ಬಂದೆ. ಉಳಿದ ಚೆನ್ನಾಗಿದ್ದವನ್ನು ಆರೂ ಬಾಟಲಿಗೆ ಸಮವಾಗಿ ಹಂಚಿಟ್ಟೆ, ಚೆಂದ ಕಾಣಲೆಂದು.

ಹಣೆತುಂಬ ಖಂಡೋಬಾನ ಅರಿಶಿನದ ಭಂಡಾರ ಹಚ್ಚಿಕೊಂಡು ಬಂದ ಮಾಲತಿಬಾಯಿ ಬಾಗಿಲಲ್ಲೇ ನಿಂತರು.

"ಬಾಡಿದ್ದು ಎಲ್ಲಿ ವೈನಿ?"

"ಹೊಳಿಗೆ ಬಿಟ್ಟೆ."

"ಅವೇ ಬೇಕಾಗಿದ್ವಲ್ರಿ. ಯಾವ ಬಾಟಲಿದು ಎಷ್ಟು ದಿನಕ್ಕ ಬಾಡ್ತು ಅಂತ ಬರೀಬೇಕಿತ್ತು."

ಬಯ್ಯಲಿಲ್ಲ. ಪುಡಿಕೆ ಬಿಚ್ಚಿ ನನ್ನ ಹಣೆಗೂ ಭಂಡಾರ ಹಚ್ಚಿದರು.

ಮತ್ತೆ ಮೊದಲಿನಿಂದ ಮಾಡಲು ದಿನ ಉಳಿದಿರಲಿಲ್ಲ. ತಿಂಗಳ ಕೊನೆಗೆ ಟ್ರಂಕು ಕಟ್ಟಿದರು. ಮೆಟ್ಟಿಲ ಮೇಲೆ ಕೈ ಹಿಡಿದು ಕೇಳಿದೆ, "ಸಿಟ್ಟದ ಏನ್ರಿ ನನ್ನ ಮ್ಯಾಲ?"

"ಇಲ್ಲಂದ್ರ ಸುಳ್ಳಾಗತದ," ಎಂದರು. "ಆದ್ರ ಈ ಊರಾಗ ನನಗ ಚಹಾ ಆತೇನು ಅಂತ ಕೇಳಿದವರು ನೀವೊಬ್ರೇ."

ಹೊಸ ವಿಳಾಸ ಕೇಳುವ ಧೈರ್ಯ ನನಗಾಗಲಿಲ್ಲ, ಅವರೂ ಕೊಡಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಯಿತು. ಒಳಗೆ ಬಂದು ದೀಪ ಹಚ್ಚಿ, ಸುಳ್ಳು ಹೇಳಿ ಹೋಗಲಿಲ್ಲವಲ್ಲ, ಅಷ್ಟು ಸಾಕು ದೇವರೇ ಎಂದೆ.