ಮೂವರು ಧುರೀಣರೂ ಒಬ್ಬ ಗೃಹಿಣಿಯೂ

ಸರ್ಕಾರಿ ನಮೂನೆಗಳಲ್ಲಿ ‘ಉದ್ಯೋಗ’ ಎಂಬ ಮೂರಕ್ಷರದ ಮುಂದೆ ಎಷ್ಟು ಜಾಗ ಬಿಟ್ಟಿರುತ್ತಾರೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಹೆಸರಿಗೆ ಒಂದು ಇಡೀ ಸಾಲು, ವಿಳಾಸಕ್ಕೆ ಧಾರಾಳವಾಗಿ ಮೂರು ಸಾಲು, ಉದ್ಯೋಗಕ್ಕೆ ಮಾತ್ರ ಎರಡು ಬೆರಳಿನಗಲ. ಮೊನ್ನೆ ಅಂಚೆ ಕಚೇರಿಯಲ್ಲಿ ಅಂಥದೊಂದು ನಮೂನೆಯನ್ನು ಮುಂದಿಟ್ಟುಕೊಂಡು, ಆ ಎರಡು ಬೆರಳಗಲದಲ್ಲಿ ‘ನಿವೃತ್ತ ಶಿಕ್ಷಕ’ ಎಂದು ತುರುಕಿ, ಹೊಡೆದುಹಾಕಿ, ಮತ್ತೆ ತುರುಕಿದೆ. ಮುಪ್ಪಿನ ತಡವರಿಕೆಯೆಂದು ಕಿಟಕಿಯಾಚೆಯ ಗುಮಾಸ್ತ ಕನಿಕರಪಟ್ಟ. ಅದು ಮುಪ್ಪಿನದಲ್ಲ, ನಾಚಿಕೆಯದು. ಅದರ ಕಥೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮಗೆ ಹೇಳಿಬಿಡುತ್ತೇನೆ.

ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯ ಸೆರಗು ಬಿಟ್ಟು ತೆಲುಗು ನಾಡಿನ ಕರ್ನೂಲಿನ ಮಡಿಲಿಗೆ ಬಿದ್ದ ಹೊಸತು. ನಾನಾಗ ಆದವಾನಿಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮೇಲಿನ ಕಚೇರಿಗಳೆಲ್ಲ ತೆಲುಗಿಗೆ ತಿರುಗಿದ್ದರಿಂದ, ನಾಳೆ ನಮ್ಮನ್ನು ಕೇಳುವವರು ಉಳಿಯುತ್ತಾರೋ ಇಲ್ಲವೋ ಎಂಬ ಅಳುಕು ನಮ್ಮಂಥವರಿಗೆಲ್ಲ ಇತ್ತು. ಹಾಗಾಗಿ ಊರ ದೊಡ್ಡವರು ಕರೆದು ಒಂದು ಕೆಲಸ ಹೇಳಿದರೆ ನಾವು ಎರಡು ಮಾಡಿಕೊಟ್ಟು ಬರುತ್ತಿದ್ದೆವು. ನನ್ನ ಅಕ್ಷರ ಮುತ್ತಿನಂಥದು, ಭಾಷೆ ಅದಕ್ಕಿಂತ ಸೊಗಸು ಎಂಬ ಪ್ರತೀತಿ ಬೇರೆ ಇತ್ತು. ಮದುವೆಯ ಕರೆಯೋಲೆಯಿಂದ ಹಿಡಿದು ಬಿನ್ನವತ್ತಳೆಯವರೆಗೆ ಊರಿನಲ್ಲಿ ಏನೇ ಅಚ್ಚಾಗಬೇಕಿದ್ದರೂ ಅದು ಮೊದಲು ನನ್ನ ಮೇಜಿಗೆ ಬರುತ್ತಿತ್ತು. ಪ್ರತೀತಿಯನ್ನು ನಾನು ನಂಬಿದ್ದೆ. ನಂಬದಿರಲು ಯಾರೂ ನನಗೆ ಕಾರಣ ಕೊಟ್ಟಿರಲಿಲ್ಲ.

ಆ ವರ್ಷ ಊರಿನಲ್ಲೊಂದು ಹೆರಿಗೆ ಆಸ್ಪತ್ರೆ ಕಟ್ಟಿದರು. ಅದನ್ನು ನಡೆಸಲು ನಾಲ್ಕು ಮಂದಿಯ ಸಮಿತಿ. ಸಮಿತಿಯ ನಡಾವಳಿ ಬರೆಯಲು ನಾನು. ಪ್ರಾರಂಭೋತ್ಸವಕ್ಕೆಂದು ಗುಲಾಬಿ ರಟ್ಟಿನ ಪುಟ್ಟ ಪುಸ್ತಕವೊಂದು ಅಚ್ಚಾಗಬೇಕಿತ್ತು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ತೆಲುಗು, ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಪರಿಚಯ: ಯಾರು, ಎಲ್ಲಿಯವರು, ಯಾವ ಕೆಲಸದಿಂದ ಮೇಲೆ ಬಂದವರು.

ಈ ‘ಮೇಲೆ ಬಂದವರು’ ಎಂಬುದಿದೆಯಲ್ಲ, ಅದು ಬಹಳ ಸೂಕ್ಷ್ಮದ ಮಾತು. ಮೇಲೆ ಬಂದವರಿಗೆ ತಾವು ಮೇಲಿರುವುದನ್ನು ಹೇಳಿದರೆ ಸಂತೋಷ, ಬಂದದ್ದನ್ನು ಹೇಳಿದರೆ ಸಂಕಟ. ಸಮಿತಿಯ ಅಧ್ಯಕ್ಷರು ಹತ್ತಿ ಕಾರ್ಖಾನೆಯ ಯಜಮಾನರು. ಚಿಕ್ಕಂದಿನಲ್ಲಿ ಅದೇ ಹತ್ತಿಯ ಅಂಡಿಗೆಗಳನ್ನು ಬೆನ್ನ ಮೇಲೆ ಹೊತ್ತು ಬಂಡಿಗೆ ಹೇರಿದವರು. ನನ್ನನ್ನು ಗೋದಾಮಿನ ಮೂಲೆಗೆ ಕರೆದು, “ಮೇಷ್ಟ್ರೇ, ಆ ಹಮಾಲಿ ಪಮಾಲಿ ಎಲ್ಲಾ ಬ್ಯಾಡ್ರಿ. ಮಂದಿ ಮುಂದ ಚಂದ ಕಾಣಂಗಿಲ್ಲ. ಏನರ ಹೊಂದಿಸಿ ಬರೀರಿ, ನಿಮಗ ಹೇಳಬೇಕೇನು?” ಎಂದರು. ನಾನು ‘ಎಳೆಯ ವಯಸ್ಸಿನಿಂದಲೇ ಹತ್ತಿಯ ವ್ಯವಹಾರದ ಹೊಣೆ ಹೊತ್ತವರು’ ಎಂದು ಬರೆದೆ. ಖಜಾಂಚಿಗಳು ಬ್ಯಾಂಕಿನ ಏಜೆಂಟರು. ಮೊದಲು ತಹಶೀಲ್ದಾರರ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ ಜವಾನರು. ‘ಆಡಳಿತವನ್ನು ಬಹು ಸಮೀಪದಿಂದ ಕಂಡವರು’ ಎಂದೆ. ಮೂರನೆಯವರು ವಕೀಲರು, ಮುಂದಿನ ಚುನಾವಣೆಯ ಮೇಲೆ ಕಣ್ಣಿಟ್ಟವರು, ಕಾನೂನು ಪರೀಕ್ಷೆಯನ್ನು ಮೂರನೆಯ ಸಲಕ್ಕೆ ದಾಟಿದವರು. ‘ನ್ಯಾಯಶಾಸ್ತ್ರವನ್ನು ಮತ್ತೆ ಮತ್ತೆ ಆಳವಾಗಿ ಅಭ್ಯಸಿಸಿದವರು’ ಎಂದು ಬರೆದಾಗ ಅವರು ನನ್ನ ಬೆನ್ನು ತಟ್ಟಿದರು. ನಗಬೇಡಿ. ಒಂದೂ ಸುಳ್ಳಲ್ಲ, ಒಂದೂ ನಿಜವಲ್ಲ. ಹೊರೆ ಹೊರುವುದರಲ್ಲಾಗಲಿ ಸ್ಟೂಲಿನ ಮೇಲೆ ಕೂರುವುದರಲ್ಲಾಗಲಿ ಅವಮಾನವೇನಿದೆ ಎಂದು ಆಗ ನನಗೆ ತೋಚಲಿಲ್ಲ. ನನ್ನ ವಾಕ್ಯಗಳ ಬೆಡಗನ್ನು ನಾನೇ ಎರಡೆರಡು ಸಲ ಓದಿ ಸುಖಪಟ್ಟೆ.

ನಾಲ್ಕನೆಯವಳು ನಂದವರಂನ ಈರಮ್ಮ. ಓದು ಬರಹ ತಿಳಿಯದವಳು; ಸುತ್ತಿನ ಊರುಗಳಲ್ಲಿ ಹೆಸರಾದ ಸೂಲಗಿತ್ತಿ. ಆಸ್ಪತ್ರೆಯ ಮಾತನ್ನು ಮೊಟ್ಟಮೊದಲು ಎತ್ತಿದವಳೇ ಅವಳು. ದಿನ ತುಂಬಿದ ಬಸುರಿಯೊಬ್ಬಳನ್ನು ಎತ್ತಿನ ಬಂಡಿಯಲ್ಲಿ ಬಳ್ಳಾರಿಗೆ ಸಾಗಿಸುವಾಗ ಆ ಹೆಣ್ಣು ದಾರಿಯಲ್ಲೇ ತೀರಿಕೊಂಡಿತೆಂದು, ನಮ್ಮೂರಿಗೇ ಒಂದು ಆಸ್ಪತ್ರೆ ಬೇಕೆಂದು, ಕಾರ್ಖಾನೆಯ ಬಾಗಿಲಿಗೂ ವಕೀಲರ ಜಗಲಿಗೂ ವರ್ಷವಿಡೀ ಅಲೆದಿದ್ದಳು. ಈ ಮೂವರ ಮನೆಯ ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದ್ದರಿಂದ ಯಾರಿಗೂ ಅವಳನ್ನು ಗದರಿ ಕಳಿಸುವ ಬಾಯಿರಲಿಲ್ಲ. ನನಗಂತೂ ಮೊದಲೇ ಇರಲಿಲ್ಲ. ನನ್ನ ಹೆಂಡತಿಯ ತವರೂ ನಂದವರಂ. ಚೊಚ್ಚಲ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿ, ಹಿರಿಯರೆಲ್ಲ ಆಸೆ ಬಿಟ್ಟು ದೇವರಿಗೆ ಕೈ ಮುಗಿಯುತ್ತ ಕೂತಿದ್ದಾಗ, ಒಳಗಿದ್ದು ತಾಯಿ ಮಗಳಿಬ್ಬರನ್ನೂ ಉಳಿಸಿ ಕೊಟ್ಟವಳು ಈ ಈರಮ್ಮ.

ಪರಿಚಯ ಬರೆಸಲು ಅವಳು ನಮ್ಮ ಮನೆಗೆ ಬಂದಳು. ಕುರ್ಚಿ ಹಾಕಿದರೂ ಕೂರದೆ, ಕಂಬಕ್ಕೆ ಒರಗಿ ನೆಲದ ಮೇಲೆ ಕೂತು, “ಭಾಳ ಏನಿಲ್ರಿ ಮೇಷ್ಟ್ರೇ. ನಂದವರಂ ಈರಮ್ಮ, ಸೂಲಗಿತ್ತಿ ಅಂತ ಬರೀರಿ. ನಮ್ಮವ್ವ ಇದs ಕೆಲಸ ಮಾಡ್ಯಾಳ, ಅಕಿ ಅವ್ವನೂ ಇದs. ಅಷ್ಟಿದ್ರ ಸಾಕು, ಮಂದಿಗೆ ಗುರ್ತು ಹತ್ತತೈತಿ” ಎಂದಳು. ಮೂವರು ತಮ್ಮ ಕೆಲಸವನ್ನು ಮುಚ್ಚಿಡಿರೆಂದು ಗುಟ್ಟಿನಲ್ಲಿ ಬೇಡಿಕೊಂಡಿದ್ದರು. ಬರೆಯಿರೆಂದು ಬಾಯಿಬಿಟ್ಟು ಕೇಳಿದವಳು ಅವಳೊಬ್ಬಳೇ.

ನಾನೇನು ಮಾಡಿದೆ ಗೊತ್ತೇ? ಅವಳು ಹೋದ ಮೇಲೆ ಕಾಗದದ ಮೇಲೆ ‘ಸೂಲಗಿತ್ತಿ’ ಎಂದು ಬರೆದು ನೋಡಿದೆ. ನ್ಯಾಯಶಾಸ್ತ್ರ, ಆಡಳಿತ, ವ್ಯವಹಾರಗಳ ಪಕ್ಕದಲ್ಲಿ ಆ ಪದ ಕೊಟ್ಟಿಗೆಯಿಂದ ನೇರ ಪಡಸಾಲೆಗೆ ನುಗ್ಗಿ ಬಂದಂತೆ ಕಂಡಿತು. ಕರ್ನೂಲಿನಿಂದ ಅಧಿಕಾರಿಗಳು ಬರುತ್ತಾರೆ, ಪುಸ್ತಕವನ್ನು ಕೈಯಲ್ಲಿ ಹಿಡಿಯುತ್ತಾರೆ, ಬರೆದವನಾರು ಎಂದು ಕೇಳುತ್ತಾರೆ. ರಕ್ತ, ನೋವು, ಸೂತಕಗಳ ವಾಸನೆಯಿದ್ದ ಆ ಪದವನ್ನು ನನ್ನ ಸಂಸ್ಕೃತದ ಸಾಲುಗಳ ನಡುವೆ ಇಡಲು ನನಗೆ ನಾಚಿಕೆಯಾಯಿತು. ನನ್ನ ಹೆಂಡತಿಯ ರಕ್ತದಲ್ಲಿ ಮೊಣಕೈವರೆಗೆ ತೊಯ್ದ ಕೈಯದು ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಗಿತ್ತು, ಸ್ವಾಮಿ. ನೆನಪಾಗಿಯೂ ಹೊಡೆದುಹಾಕಿ, ‘ಶ್ರೀಮತಿ ಈರಮ್ಮನವರು, ಗೃಹಿಣಿ, ಸಮಾಜಹಿತಾಸಕ್ತರು’ ಎಂದು ಬರೆದೆ. ತೆಲುಗಿನ ಪುಟದಲ್ಲೂ ಅದೇ ಬಂತು. ಮುತ್ತಿನಂಥ ಅಕ್ಷರದಲ್ಲಿ ಒಬ್ಬ ಹೆಂಗಸಿನ ಮೂರು ತಲೆಮಾರಿನ ವಿದ್ಯೆಯನ್ನು ನಾನು ಅಳಿಸಿಬಿಟ್ಟಿದ್ದೆ.

ಪ್ರಾರಂಭೋತ್ಸವ ಚೆನ್ನಾಗಿಯೇ ನಡೆಯಿತು. ಪುಸ್ತಕವನ್ನು ಎಲ್ಲರೂ ಹೊಗಳಿದರು. ಬಳ್ಳಾರಿಯಲ್ಲಿ ತರಬೇತಾಗಿ ಬಂದ ನರ್ಸು ಹುಡುಗಿ ಕೆಲಸಕ್ಕೆ ನಿಂತಳು. ಕಷ್ಟದ ಹೆರಿಗೆಯಿದ್ದಾಗ ಈರಮ್ಮ ಬಸ್ಸು ಹಿಡಿದು ಬಂದು ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಕರ್ನೂಲಿನಿಂದ ತಪಾಸಣೆಯ ಅಧಿಕಾರಿಯೊಬ್ಬರು ಬರುವರೆಂದು ಪತ್ರ ಬಂತು. ಸಮಿತಿಯವರಲ್ಲಿ ಹೆರಿಗೆಯ ಕೋಣೆಗೆ ಕಾಲಿಡಬೇಕಾದವರು ಆ ಕೆಲಸದ ಅನುಭವವುಳ್ಳವರೆಂದು ದಾಖಲೆ ತೋರಿಸಬೇಕೆಂದು ಅದರಲ್ಲಿತ್ತು. ದಾಖಲೆಯಿಲ್ಲದಿದ್ದರೆ ಸಮಿತಿಯಲ್ಲೂ ಜಾಗವಿಲ್ಲ, ಕೋಣೆಯೊಳಗೂ ಜಾಗವಿಲ್ಲ.

ಸುದ್ದಿ ಕೇಳಿ ಈರಮ್ಮ ತಪಾಸಣೆಯ ಹಿಂದಿನ ದಿನ ನಮ್ಮ ಮನೆಗೆ ಬಂದಳು. ಮುಖದಲ್ಲಿ ಚಿಂತೆಯ ಗೆರೆಯೂ ಇರಲಿಲ್ಲ. ಸೆರಗಿನೊಳಗಿಂದ ಆ ಗುಲಾಬಿ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟು, “ದಾಖ್ಲೆ ಬೇಕಂತ. ಅಚ್ಚಾದ ಬುಕ್ಕs ಐತೆಲ್ಲ ನಮ್ಮತ್ರ! ನನ್ನದು ಎಲ್ಲೈತಿ, ಒಂದು ಸಲ ಓದಿ ಹೇಳ್ರಿ, ಕಿವಿ ತುಂಬ ಕೇಳ್ತೀನಿ” ಎಂದಳು.

ಆಗಲಾದರೂ ತಪ್ಪೊಪ್ಪಿಕೊಳ್ಳಲು ನನಗೆ ಕಾಲವಿತ್ತು. ಕಾಲಿಗೆ ಬಿದ್ದು, ‘ಈರಮ್ಮ, ನಾನು ಬರೆಯಲಿಲ್ಲ’ ಎಂದಿದ್ದರೆ, ನಾಳೆ ನಾನೇ ಎದ್ದು ನಿಂತು ಸಾಕ್ಷಿ ಹೇಳುತ್ತೇನೆಂದಿದ್ದರೆ, ಎಲ್ಲ ಸರಿಹೋಗುತ್ತಿತ್ತು. ಆದರೆ ಅವಳ ಕಣ್ಣಿನಲ್ಲಿ ಎಂಥ ನಂಬಿಕೆಯಿತ್ತೆಂದರೆ, ಅದನ್ನು ಒಡೆಯುವುದಕ್ಕೆ ನನಗೆ ಧೈರ್ಯ ಸಾಲಲಿಲ್ಲ. ನಾನು ಪುಸ್ತಕ ತೆರೆದೆ. ‘ಗೃಹಿಣಿ’ ಎಂಬ ಪದದ ಮೇಲೆಯೇ ಬೆರಳಿಟ್ಟು, “ನಂದವರಂ ಈರಮ್ಮನವರು, ಮೂರು ತಲೆಮಾರಿನ ಹೆಸರಾಂತ ಸೂಲಗಿತ್ತಿ” ಎಂದು ಗಟ್ಟಿಯಾಗಿ ಓದಿದೆ. ಅವಳು ಆ ಪುಟದ ತುದಿಯನ್ನು ಮಡಿಸಿ ಗುರುತು ಮಾಡಿಕೊಂಡಳು. “ನಮ್ಮವ್ವ ಕೇಳಬೇಕಿತ್ತು ಇದನ್ನ” ಎಂದು ಕಣ್ಣೊರೆಸಿಕೊಂಡು ಹೋದಳು. ಅಂದು ರಾತ್ರಿ, ನಾಳೆ ಅಧಿಕಾರಿ ಬಾರದಿರಲಿ, ಬಸ್ಸು ಕೆಟ್ಟು ನಿಲ್ಲಲಿ ಎಂದೆಲ್ಲ ಹಾರೈಸಿದೆ. ಹೇಡಿಯ ಹಾರೈಕೆ ಫಲಿಸುವುದಿಲ್ಲ.

ಅಧಿಕಾರಿ ಬಂದರು. ಸಮಿತಿ ಮೇಜಿನ ಸುತ್ತ ಕೂತಿತು. ನಾನು ಕೊನೆಯಲ್ಲಿ, ನಡಾವಳಿಯ ಪುಸ್ತಕ ಬಿಡಿಸಿಕೊಂಡು. ಅಧಿಕಾರಿ ತೆಲುಗಿನಲ್ಲಿ ಈರಮ್ಮನನ್ನೇ ಕೇಳಿದರು: “ಅಮ್ಮಾ, ಮೀರು ಏಂ ಪನಿ ಚೇಸ್ತಾರು?” ಏನು ಕೆಲಸ ಮಾಡುತ್ತೀರಿ ಎಂದು. ಈರಮ್ಮ ಬೀಗುತ್ತ, ಮಡಿಸಿದ ಪುಟವನ್ನು ತೆರೆದು ಅವರ ಕೈಗಿಟ್ಟಳು. “ಇದ್ರಾಗ ಬರದಾರ ನೋಡ್ರಿ. ನಮ್ ಮೇಷ್ಟ್ರs ಬರದಾರ.”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ತೆಲುಗಿನ ಪುಟವನ್ನು ಓದಿದರು. “ಗೃಹಿಣಿ ಅನಿ ಉಂದಿ ಕದಮ್ಮಾ” ಎಂದರು.

ಗೃಹಿಣಿ ಎಂದೇ ಇದೆಯಲ್ಲ. ಎರಡು ಭಾಷೆಗೂ ಒಂದೇ ಪದವಾದ್ದರಿಂದ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈರಮ್ಮ ನನ್ನ ಕಡೆ ತಿರುಗಿದಳು. ಅಧ್ಯಕ್ಷರು ಸೂರಿನ ತೊಲೆ ಎಣಿಸುತ್ತಿದ್ದರು, ವಕೀಲರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು, ಏಜೆಂಟರಿಗೆ ಕೆಮ್ಮು ಬಂದಿತ್ತು. ಅವಳು ಯಾರೆಂದು ಮೂವರಿಗೂ ಗೊತ್ತು. ಆದರೆ ಪುಸ್ತಕದಲ್ಲಿ ಒಂದು ಸಾಲು ಸುಳ್ಳೆಂದು ಒಪ್ಪಿಕೊಂಡರೆ ಉಳಿದ ಮೂರು ಸಾಲುಗಳ ಗತಿಯೇನು? ಒಂದೆಳೆ ಎಳೆದರೆ ಇಡೀ ಅರಿವೆ ಬಿಚ್ಚಿಕೊಂಡೀತೆಂಬ ಭಯ ಅವರಿಗೆ. ನನಗೆ ಅಂಥ ನೆಪವೂ ಇರಲಿಲ್ಲ. ನಾನು ನಡಾವಳಿಯ ಪುಟದ ಮೇಲೆ ಆ ದಿನದ ತಾರೀಖು ಬರೆಯತೊಡಗಿದೆ.

ಅಧಿಕಾರಿಗೆ ಅನುಮಾನ ಬಂದಿರಬೇಕು. “ಇದನ್ನು ಬರೆದ ಮೇಷ್ಟ್ರು ಯಾರು? ತಪ್ಪು ಬರೆದಿದ್ದಾರೆಯೇ?” ಎಂದು ನಮ್ಮತ್ತ ನೋಡಿದರು. ನನ್ನ ನೌಕರಿ, ನನ್ನ ಹೆಸರು ಎಲ್ಲವೂ ಆ ಪ್ರಶ್ನೆಯ ತುದಿಯಲ್ಲಿ ತೂಗುತ್ತಿದ್ದವು. ಉತ್ತರ ಕೊಟ್ಟವಳು ಈರಮ್ಮ.

“ಇಲ್ರಿ ಯಪ್ಪಾ,” ಎಂದಳು, ಶಾಂತವಾಗಿ. “ನಾನs ಹಂಗ ಬರೀರಿ ಅಂದಿದ್ದೆ. ಮೇಷ್ಟ್ರದು ತಪ್ಪಿಲ್ಲ.”

ತಪಾಸಣೆ ಮುಗಿಯಿತು. ‘ಅನುಭವದ ದಾಖಲೆಯಿಲ್ಲದ್ದರಿಂದ ಶ್ರೀಮತಿ ಈರಮ್ಮನವರು ಸಮಿತಿಯಿಂದ ನಿವೃತ್ತರಾದರು, ಹೆರಿಗೆಯ ಕೋಣೆಗೆ ಅವರಿಗೆ ಪ್ರವೇಶವಿರುವುದಿಲ್ಲ’ ಎಂಬ ನಿರ್ಣಯವನ್ನು ಅಧಿಕಾರಿ ಹೇಳಿದರು, ನಾನು ಬರೆದೆ. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ನನ್ನ ಬದುಕಿನಲ್ಲಿ ನಾನು ಅತ್ಯಂತ ಹೇಸುವ ಬರವಣಿಗೆ ಅದು.

ಬಸ್ಸಿನ ಕಟ್ಟೆಯ ಹತ್ತಿರ ಓಡಿಹೋಗಿ ಅವಳನ್ನು ಹಿಡಿದೆ. “ಯಾಕೆ ಹಾಗೆ ಹೇಳಿದಿ ಈರಮ್ಮ?” ಎಂದೆ. ಬೈಯಲಿ, ಉಗಿಯಲಿ ಎಂದು ಕಾದೆ. ಅವಳು ಎಲೆಯಡಿಕೆಯ ಚೀಲ ಬಿಚ್ಚುತ್ತ, “ಎಷ್ಟು ಮನಿ ಒಳಗ ಹೊಕ್ಕೀನಿ ಮೇಷ್ಟ್ರೇ. ಒಳಗ ಕಂಡಿದ್ದು ಹೊರಗ ಆಡಿದ್ರ ನಾ ಸೂಲಗಿತ್ತಿ ಹೆಂಗಾಗ್ತೀನಿ?” ಎಂದಳು. ಆಮೇಲೆ, ಏನೂ ನಡೆದೇ ಇಲ್ಲವೆಂಬಂತೆ, “ನಿಮ್ಮನಿಯಾಕಿಗೆ ಏಳು ತುಂಬಿತಲ್ಲ? ಹೊತ್ತು ಬಂದಾಗ ಹೇಳಿಕಳಸ್ರಿ. ಆಸ್ಪತ್ರಿಯಾಗ ಬಿಡಂಗಿಲ್ಲ ಅಂದ್ರ ಏನಾತು, ಮನಿಗೆ ಬರ್ತೀನಿ” ಎಂದು ಬಸ್ಸು ಹತ್ತಿದಳು.

ನಾನು ಹೇಳಿಕಳಿಸಲಿಲ್ಲ. ಯಾವ ಮುಖವಿಟ್ಟುಕೊಂಡು ಕಳಿಸಲಿ? ಎರಡು ತಿಂಗಳ ಮೇಲೆ ನೋವು ಕಾಣಿಸಿಕೊಂಡಾಗ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದೆ. ಕೋಣೆಯ ಬಾಗಿಲಲ್ಲಿ ಅವಳು ನನ್ನ ಕೈ ಹಿಡಿದು, “ಈರಮ್ಮ ಬಂದಿಲ್ಲೇನ್ರಿ? ಆಕಿ ಇದ್ರ ನನಗ ಧೈರ್ಯ” ಎಂದಳು. “ಊರಿನಲ್ಲಿಲ್ಲವಂತೆ” ಎಂದೆ. ನಾನದನ್ನು ಹೇಳುವಾಗ ಈರಮ್ಮ ಹೊರಗೆ ಆಸ್ಪತ್ರೆಯ ಜಗಲಿಯ ಮೇಲೆ ಕೂತಿದ್ದಳು. ನನ್ನ ಅತ್ತೆ ಹೊರಟ ಬಸ್ಸಿನಲ್ಲೇ ಅವಳೂ ಯಾರೂ ಕರೆಯದೆ ಬಂದಿದ್ದಳು. ಒಳಗೆ ಬಿಡಿರೆಂದು ಕೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಒಳಗಿನ ಒಂದೊಂದು ನರಳಿಕೆಯನ್ನೂ ಆಲಿಸುತ್ತ ಮಧ್ಯಾಹ್ನವಿಡೀ ಕೂತಿದ್ದಳು. ನಾನು ಹತ್ತು ಮಾರು ದೂರದಲ್ಲಿ ನಿಂತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಕೂಸಿನ ಅಳು ಕೇಳಿತು. ಈರಮ್ಮ ಕತ್ತು ವಾಲಿಸಿ ಇನ್ನೊಂದು ಅಳುವಿಗಾಗಿ ಕಾದಳು, ಅದು ಬಂತು, ಮತ್ತೊಂದೂ ಬಂತು. ಆಗ ಎದ್ದು ಸೀರೆಯ ಧೂಳು ಕೊಡವಿಕೊಂಡು, “ಅಳು ಚಲೋ ಐತಿ ಮೇಷ್ಟ್ರೇ. ಕೂಸಿಂದು ಎದಿ ಗಟ್ಟಿ ಐತಿ, ಅಂಜಬ್ಯಾಡ್ರಿ” ಎಂದು ನನಗೆ ಹೇಳಿ, ಬಸ್ಸಿನ ಕಟ್ಟೆಯ ಕಡೆ ನಡೆದಳು. ಒಳಗೆ ಬಂದು ಕೂಸನ್ನೊಮ್ಮೆ ನೋಡಿ ಹೋಗೆಂದು ಕರೆಯಲು ನನ್ನ ಬಾಯಿ ತೆರೆಯಿತು. ಆದರೆ ಅವಳು ಆ ಕೋಣೆಗೆ ಹೋಗಕೂಡದಿತ್ತು. ಹಾಗೆಂದು ಬರೆದವನು ನಾನೇ.